ಇಪ್ಪತ್ತು ನಿಮಿಷ ಇದೆ, ಅಮ್ಮ

ಏಪ್ರಿಲ್ 9, ಬುಧವಾರ

ಬೆಳಿಗ್ಗೆಯಿಂದ ಮಡಚುವ ಕೆಲಸ. ಲಾ ಕಾಲೇಜಿನ ಹುಡುಗರ ಹಾಸ್ಟೆಲ್ ಹೋರಾಟದ ಕರಪತ್ರ, ಐನೂರು. ಓದದೆ ಮಡಚುವುದು ನನಗೆ ಬರುವುದಿಲ್ಲ. ಅಂಜಿನಯ್ಯನವರು ಅದಕ್ಕೇ ಬಯ್ಯುತ್ತಾರೆ. "ಒಂದೇ ಹಾಳೇನ ಐನೂರು ಸಲ ಓದ್ತೀಯಾ? ಒಂದ್ಸಲ ಓದಿ ಐನೂರು ಮಡಚಮ್ಮ." ಪ್ರೆಸ್ಸು ಅವರದು. ಪಿಯುಸಿ ಆದಮೇಲೆ ನಾನು ಓದಿದ್ದೆಲ್ಲ ಇಲ್ಲೇ — ಕೂಲಿ ಕಾನೂನು, ಕೆರೆ ಒತ್ತುವರಿ, ಹಾವು ಕಡಿತ, ಸಿಡಿಲು. ನಾಲ್ಕು ಪುಟ ಮೀರಿದ್ದು ಕಡಿಮೆ. ಆದರೆ ಬಾಯಿಪಾಠ ಬರುತ್ತದೆ.

ಮಧ್ಯಾಹ್ನ ಒಬ್ಬರು ಬಂದರು. ಗಿರಿರಾಜ್ ಅಂತೆ. ಮೂವತ್ತರ ಆಸುಪಾಸು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿದೆ. ಪೆನ್‌ಡ್ರೈವಿನಲ್ಲಿ ಬಣ್ಣದ ಹಾಳೆ. "ಸಿಡಿಲು ಸಫಾರಿ. ಪ್ರತಿ ಭಾನುವಾರ. ಕೆಂಗೇರಿ ಮೆಟ್ರೋ ಹತ್ತಿರ ಪಿಕಪ್. ಹದಿನಾಲ್ಕು ಸೀಟು ಮಾತ್ರ. ಬಿರುಗಾಳಿಯ ಬೆನ್ನು ಹತ್ತಿ." ಅಮೆರಿಕದಲ್ಲಿ ಜನ ಸುಂಟರಗಾಳಿ ನೋಡಲು ವ್ಯಾನ್ ಮಾಡಿಕೊಂಡು ಹೋಗುತ್ತಾರಲ್ಲ, ಹಾಗೆ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಮಳೆ ಇದೆಯಲ್ಲ, ಅದು.

ಇದನ್ನು ಅಚ್ಚಿಗೆ ಸೆಟ್ ಮಾಡಲ್ಲ ಅಂದೆ.

"ಯಾಕ್ ಮೇಡಂ?"

"ಸಿಡಿಲಿಗೆ ಸಾಯೋರು ಯಾರು ಗೊತ್ತಾ ಸಾರ್? ಹೊಲದಲ್ಲಿ ಇರೋರು. ಕುರಿ ಮೇಯಿಸೋರು. ಅವರ ಸಾವು ನಿಮಗೆ ಭಾನುವಾರದ ಟ್ರಿಪ್ಪಾ?"

"ಮಳೆ ನೋಡೋದೂ ತಪ್ಪಾ ಈಗ?"

"ಕಿಟಕೀಲಿ ನೋಡಿ."

ಅಂಜಿನಯ್ಯನವರು ಕನ್ನಡಕ ಹಣೆಗೆ ಏರಿಸಿದರು. "ಹೆಸರು ಸೌಮ್ಯಶ್ರೀ ಅಂತ ಸಾರ್. ತೊಟ್ಟಿಲಲ್ಲಿ ಮಲಗಿದ್ದಾಗ ಇಟ್ಟಿದ್ದು, ಆಗ ಮಾತು ಬರ್ತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ — "ಹಾಳೆಗೆ ಎರಡು ಮುಖ ಇದೆಯಲ್ಲಮ್ಮ. ಮುಂದೆ ಅವರದು. ಹಿಂದೆ ನಿಂದು ಹಾಕು."

ಹಾಕಿದೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಮಳೆಗೆ ಕಾಯಬೇಡಿ, ಸಿಡಿಲು ಮಳೆಗಿಂತ ಮುಂಚೆ ಬರುತ್ತದೆ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಗಟ್ಟಿ ಕಟ್ಟಡ, ಇಲ್ಲವೇ ಗಾಜು ಏರಿಸಿದ ಲೋಹದ ವಾಹನ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಬರಬೇಡಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಿ, ಎದೆ ಒತ್ತಿ.

ಗಿರಿರಾಜ್ ಹಿಂದಿನ ಪುಟವನ್ನು ಎರಡು ಸಲ ಓದಿದರು. "ನೀವೇ ಬನ್ನಿ ಮೇಡಂ ಸೇಫ್ಟಿಗೆ. ಬಂದು ನೋಡಿ, ಆಮೇಲೆ ಬಯ್ಯಿ."

ಹೋಗುವುದಿಲ್ಲ.

ಏಪ್ರಿಲ್ 13, ಭಾನುವಾರ

ಹೋದೆ.

ಬಯ್ಯುವುದಕ್ಕಾದರೂ ನೋಡಿರಬೇಕಲ್ಲ. ಅಮ್ಮನಿಗೆ ಪ್ರೆಸ್ಸಿನ ಕೆಲಸ ಅಂದೆ — ಪೂರ್ತಿ ಸುಳ್ಳಲ್ಲ.

ಹದಿನಾಲ್ಕು ಜನ. ರಾಜಾಜಿನಗರದ ರಿಟೈರ್ಡ್ ಗಂಡ ಹೆಂಡತಿ, ಕ್ಯಾಮೆರಾದವರು ನಾಲ್ಕು, ಉಳಿದವರು ಕಂಪನಿಯವರು. ಡ್ರೈವರ್ ಮುನಿರಾಜು ಅಣ್ಣ, ನಾಯಂಡಹಳ್ಳಿಯ ಹಳೇ ಊರಿನವರು. ಮಾಗಡಿ ದಾಟುವ ಹೊತ್ತಿಗೇ ಕಿಟಕಿಯಿಂದ ಕೈ ಹೊರಗೆ ಚಾಚಿ, "ಇವತ್ ಬರಲ್ಲ" ಅಂದರು. ಗಿರಿರಾಜ್ ಫೋನಿನ ರಾಡಾರ್ ನಕ್ಷೆ ತೋರಿಸಿ ಬರುತ್ತದೆ ಅಂದರು.

ಬರಲಿಲ್ಲ. ಮೋಡ ಹೂಕೋಸಿನ ಹಾಗೆ ಎದ್ದು ಸುಮ್ಮನೆ ಕರಗಿತು. ಎಲ್ಲರೂ ಹೊಲದ ಬದುವಿನ ಮೇಲೆ ಕಡಲೆಕಾಯಿ ತಿಂದು ವಾಪಸ್. ಬಯ್ಯಲು ಏನೂ ಸಿಗಲಿಲ್ಲ, ಅದೇ ಬೇಜಾರು.

ಒಂದು ಮಾತು ಒಪ್ಪಿಕೊಳ್ಳಬೇಕು. ಗಿರಿರಾಜ್ ಮೋಡದ ಬಗ್ಗೆ ಹೇಳುವಾಗ ಮೈಮರೆಯುತ್ತಾರೆ. ಮಾರುವವನ ಮಾತು ಹಾಗಿರುವುದಿಲ್ಲ.

ಏಪ್ರಿಲ್ 20, ಭಾನುವಾರ, ಸಂಜೆ 7.30, ಟೆಂಪೋದಲ್ಲಿ

ರಸ್ತೆ ಸರಿಯಿಲ್ಲ, ಟೆಂಪೋ ಕುಲುಕುತ್ತಿದೆ. ಅಕ್ಷರ ನನಗೇ ಓದಲಾಗುವುದಿಲ್ಲವೇನೋ.

ನೋಡಿದೆ.

ಮೊದಲು ಪಶ್ಚಿಮಕ್ಕೆ ಬರೀ ಬಿಳುಪು. ಆಮೇಲೆ ಅದರ ತಳ ಮಸಿ ಹಿಡಿದ ಬಾಣಲೆಯಂತೆ ಆಯಿತು. ಉತ್ತ ಹೊಲಗಳ ಮೇಲೆ ಕೆಂಪು ಧೂಳು ಎದ್ದು ನಮ್ಮ ಕಡೆ ನಡೆದು ಬಂತು — ಓಡಲಿಲ್ಲ, ನಡೆದು ಬಂತು. ಒಮ್ಮೆಲೇ ಗಾಳಿ ತಣ್ಣಗಾಯಿತು. ಯಾರೋ ದೊಡ್ಡ ಬಾಗಿಲು ತೆರೆದ ಹಾಗೆ. ಕಾಗೆಗಳು ಸಾಲಾಗಿ ಹೋದವು. ಮೋಡದ ಒಳಗೇ ಬೆಳಕು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡಿತು, ಸದ್ದಿಲ್ಲದೆ.

ಮೊದಲ ಗುಡುಗಿಗೆ ವಿಷಲ್ ಊದಿದೆ. ಎಲ್ಲರೂ ಒಳಗೆ. ಎಣಿಸಿದೆ. ಹದಿನಾಲ್ಕು. ಬಾಗಿಲು ಹಾಕಿದೆ. ಗಾಜಿನ ಮೇಲೆ ನೀರು ಬಡಿಯುತ್ತಿದ್ದರೆ ಈ ವಾರವೂ ಬಂದಿದ್ದ ಆ ರಿಟೈರ್ಡ್ ಆಂಟಿ ನನ್ನ ಕೈ ಹಿಡಿದುಕೊಂಡು, "ಐವತ್ತು ವರ್ಷ ಆಯ್ತು ಕಣೇ ಹೀಗೆ ಮಳೆ ನೋಡಿ" ಅಂದರು. ಅತ್ತರು.

ನಾನು ಏನನ್ನೂ ಬಯ್ಯಲಿಲ್ಲ. ಬಾಯಿ ತೆರೆದುಕೊಂಡು ನೋಡಿದೆ. ಇದೇ ಗಾಳಿಗೆ ಯಾರದೋ ಬಾಳೆ ತೋಟ ಮಲಗಿರುತ್ತದೆ. ಗೊತ್ತಿದ್ದೂ ಖುಷಿಯಾಯಿತು. ಬರೆದಿಡುತ್ತಿದ್ದೇನೆ, ನಾಳೆ ನಾನು ಇಲ್ಲವೆನ್ನಬಾರದು.

ಏಪ್ರಿಲ್ 23

ನಿಯಮಗಳ ಹಾಳೆ ಪಕ್ಕಾ ಮಾಡಿದೆ. ಎಂಟು ನಿಯಮ. ಇದು ನನ್ನ ಜವಾಬ್ದಾರಿ, ಇನ್ನು ಬರೀ ಟೀಕೆ ಅಲ್ಲ.

ಆರನೆಯದು ಗಿರಿ ಸಾರ್ ಕೇಳಿದ್ದು. ಕಳೆದ ಭಾನುವಾರ ವಾಪಸ್ ಬರುವಾಗ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಗಂಡಸರು ಮಳೆಗೆ ಟೆಂಪೋ ಹತ್ತಿ ಕೂತರು. ಕುಡಿದಿದ್ದರು. ಹೆಂಗಸರು ಬೇಜಾರು ಮಾಡಿಕೊಂಡರು, ಇನ್ಶೂರೆನ್ಸಿನವರೂ ಒಪ್ಪುವುದಿಲ್ಲವಂತೆ. ಹಾಗಾಗಿ — "6. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ವಾಹನಕ್ಕೆ ಹತ್ತಿಸಿಕೊಳ್ಳುವಂತಿಲ್ಲ." ವಾಕ್ಯ ನನ್ನದು. ನಾನೇ ಟೈಪ್ ಮಾಡಿದೆ. ಸರಿ ಅನ್ನಿಸಿತು.

ಅಂಜಿನಯ್ಯನವರು ಪ್ರೂಫ್ ನೋಡಿ, "ಎಲ್ಲಾ ಚೆನ್ನಾಗಿದೆ. ಹೊರಗಿರೋರಿಗೆ ಒಂದೂ ಇಲ್ವಲ್ಲ" ಅಂದರು.

ಹೊರಗಿರುವವರಿಗೆ ಸರ್ಕಾರದ ಕರಪತ್ರ ಬೇರೆ ಇದೆ ಅಂದೆ.

ಏಪ್ರಿಲ್ 27, ಭಾನುವಾರ

ಮೂರನೇ ಟ್ರಿಪ್. ಸಣ್ಣ ಮಳೆ. ಹದಿನಾಲ್ಕು ಹೋಗಿ ಹದಿನಾಲ್ಕು ಬಂದೆವು. ಮುನಿರಾಜು ಅಣ್ಣ ನನಗೆ "ಎಣಿಕೆ ಮೇಡಂ" ಅಂತ ಹೆಸರಿಟ್ಟಿದ್ದಾರೆ. ಅಮ್ಮನಿಗೆ ಗೊತ್ತಾಯಿತು, ಪಕ್ಕದ ಮನೆಯವರು ಇನ್ಸ್ಟಾದಲ್ಲಿ ತೋರಿಸಿದರಂತೆ. ಫಾಲ್ ಹಚ್ಚುತ್ತಿದ್ದ ಸೀರೆ ಕೆಳಗಿಟ್ಟು, "ಸಿಡ್ಲು ಬಂದ್ರ ಶಿವಶಿವಾ ಅಂತ ಒಳಗ ಓಡ್ತಾರ. ನೀನು ಅದನ್ನ ಹುಡುಕ್ಕೊಂಡು ಹೋಗ್ತೀಯಲ್ಲ" ಅಂದಳು. ದಾವಣಗೆರೆ ಬಿಟ್ಟು ಇಪ್ಪತ್ತು ವರ್ಷವಾದರೂ ಸಿಟ್ಟಿನಲ್ಲಿ ಆ ಭಾಷೆ ಬರುತ್ತದೆ. ಹೆದರಿಕೆಯನ್ನು ವಿಜ್ಞಾನದಿಂದ ಗೆಲ್ಲಬೇಕು ಅಂತ ಭಾಷಣ ಮಾಡಿದೆ. "ಊಟ ಮಾಡು" ಅಂದಳು.

ಮೇ 4, ಭಾನುವಾರ

ಹದಿನಾಲ್ಕು ಜನರೂ ಕ್ಷೇಮ.

ಬರೆಯಲಾಗುತ್ತಿಲ್ಲ.

ಮೇ 7, ಬುಧವಾರ

ಬರೆಯಲೇಬೇಕು. ಇಲ್ಲದಿದ್ದರೆ ನನ್ನ ತಲೆ ಅದನ್ನು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ. ಆಗಲೇ ತಿದ್ದುತ್ತಿದೆ.

ಕಲ್ಲುಗುಂಟೆಪಾಳ್ಯ. ಕೆರೆ ಏರಿಯ ಕೆಳಗೆ ಬಯಲು. ಮೂರೂಮುಕ್ಕಾಲು. ಮೋಡ ದೂರದಲ್ಲಿತ್ತು, ಚೆನ್ನಾಗಿ ಬೆಳೆಯುತ್ತಿತ್ತು. ಕ್ಯಾಮೆರಾದವರು ಸ್ಟ್ಯಾಂಡ್ ನೆಟ್ಟರು. ಗಿರಿ ಸಾರ್ ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಬಗ್ಗಿಸುತ್ತಿದ್ದರು.

ಒಬ್ಬ ಹೆಂಗಸು ಎರಡು ಹಸು ಮೇಯಿಸುತ್ತಿದ್ದರು. ನಲವತ್ತೈದು ಇರಬಹುದು. ಬಂದು ನಮ್ಮ ಪಕ್ಕ ನಿಂತರು. ಹೆಸರು ಲಕ್ಷ್ಮಿದೇವಮ್ಮ ಅಂತ.

"ಏನವ್ವಾ ನೋಡ್ತಾ ಇದ್ದೀರಿ ಎಲ್ರೂ?"

"ಮೋಡ ಅಮ್ಮ."

"ಮೋಡ ನೋಡಾಕೆ ಬೆಂಗ್ಳೂರಿಂದ ಬಂದ್ರಾ? ಅಲ್ಲಿ ಮ್ಯಾಲೆ ಏನೂ ಇಲ್ವಾ?"

"ಬಿಲ್ಡಿಂಗ್ ಅಡ್ಡ ಬರುತ್ತೆ."

"ಹಂಗಾರೆ ನಮ್ ಮೋಡಕ್ಕೆ ನಾವೂ ಟಿಕೇಟ್ ಇಡ್ಬೇಕು." ನಕ್ಕರು. ಎಲ್ಲರೂ ನಕ್ಕೆವು. ಗಿರಿ ಸಾರ್ ಅವರಿಗೂ ಒಂದು ಲೋಟ ಕಾಫಿ ಕೊಟ್ಟರು. ಕುಡಿದು, ಸೆರಗಲ್ಲಿ ಬಾಯಿ ಒರೆಸಿಕೊಂಡು, ಪಶ್ಚಿಮಕ್ಕೆ ನೋಡಿದರು.

"ಹಸ ಹೊಡ್ಕೊಂಡು ಹೋಗ್ಲಾ ಅಂತ. ಮಳೆಗೆ ಇನ್ನೂ ಹೊತ್ತೈತಾ? ನಿಮ್ ಫೋನಲ್ಲಿ ಬತ್ತದಂತಲ್ಲ."

ನಾನು ನಕ್ಷೆ ನೋಡಿದೆ. "ಇಪ್ಪತ್ತು ನಿಮಿಷ ಇದೆ, ಅಮ್ಮ."

ಅವರು ಕೇಳಿದ್ದು ಮಳೆ. ನಾನು ಹೇಳಿದ್ದೂ ಮಳೆ. ನಕ್ಷೆ ತೋರಿಸುವುದೂ ಮಳೆ. ಸಿಡಿಲು ಮಳೆಗೆ ಕಾಯುವುದಿಲ್ಲವೆಂದು ಸಫಾರಿ ಹಾಳೆಯ ಹಿಂದೆ ಅಚ್ಚು ಹಾಕಿದವಳು ನಾನು.

"ಹಂಗಾರೆ ಇನ್ನೊಸಿ ಮೇಯ್ಲಿ" ಅಂದು ಹೋದರು. ದೊಡ್ಡ ಹಸು ಬಯಲಿನ ಒಂಟಿ ಹೊಂಗೆ ಮರಕ್ಕೆ ಕಬ್ಬಿಣದ ಸರಪಳಿಯಲ್ಲಿ ಕಟ್ಟಿತ್ತು.

ಏಳೆಂಟು ನಿಮಿಷ ಆಗಿರಬೇಕು. ಒಂದು ಹನಿಯೂ ಇಲ್ಲ. ಗುಡುಗಿತು. ವಿಷಲ್ ಊದಿದೆ. ಸ್ಟ್ಯಾಂಡ್ ಅಲ್ಲೇ ಬಿಡಿ ಅಂತ ಕಿರುಚಿದೆ. ಎಲ್ಲರೂ ಹತ್ತಿದರು. ಎಣಿಸಿದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಬಾಗಿಲು ಎಳೆದೆ.

ಮುನಿರಾಜು ಅಣ್ಣ ಕನ್ನಡಿಯಲ್ಲಿ ನೋಡುತ್ತಾ, "ಆ ಯಮ್ಮನ್ನೂ ಕರೀಲಾ?" ಅಂದರು.

ನಾನು ಅಂದೆ — ಇದನ್ನು ಹಾಗೇ ಬರೆಯುತ್ತೇನೆ — "ಪಟ್ಟೀಲಿ ಇಲ್ಲವಲ್ಲ ಅಣ್ಣ."

ಅವರು ತಿರುಗಿ ನನ್ನನ್ನು ನೋಡಿದರು. ಅಷ್ಟೇ. ಗಾಜಿನಾಚೆ ಲಕ್ಷ್ಮಿದೇವಮ್ಮ ಸಣ್ಣ ಹಸುವನ್ನು ಊರ ಕಡೆ ಅಟ್ಟಿ, ದೊಡ್ಡದನ್ನು ಬಿಚ್ಚಲು ಹೊಂಗೆ ಮರದ ಹತ್ತಿರ ಓಡುತ್ತಿದ್ದರು. ನೂರು ಹೆಜ್ಜೆ ಇರಬಹುದು. ಕರೆದಿದ್ದರೆ ಬರುತ್ತಿದ್ದರೋ, ಹಸು ಬಿಟ್ಟು ಬರುತ್ತಿರಲಿಲ್ಲವೋ. ಗೊತ್ತಿಲ್ಲ. ಕರೆಯಲಿಲ್ಲ.

ಬೆಳಕು. ಸದ್ದು ಅದರ ಜೊತೆಗೇ. ಟೆಂಪೋದೊಳಗೆ ಎಲ್ಲರ ಮುಖ ಬಿಳಿ ಕಾಗದ.

ಕಣ್ಣು ಬಿಟ್ಟಾಗ ಮರದ ಬುಡದಲ್ಲಿ ಹಸು ಮಲಗಿತ್ತು. ಅವರೂ.

ಮುನಿರಾಜು ಅಣ್ಣ ಮೊದಲು ಇಳಿದರು, ಹಿಂದೆ ನಾನು, ಗಿರಿ ಸಾರ್. ಅರ್ಧ ಗಂಟೆಯ ನಿಯಮ ನೆನಪಾಗಲಿಲ್ಲ. ಏರಿಯ ಮೇಲಿಂದ ಯಾರೋ "ಮುಟ್ಬೇಡಿ, ಮುಟ್ಬೇಡಿ" ಅಂತ ಕೂಗುತ್ತಿದ್ದರು. ಮುಟ್ಟಿದೆ. ಉಸಿರಿರಲಿಲ್ಲ. ಎದೆ ಒತ್ತಿದೆ. ಕರಪತ್ರದಲ್ಲಿ ಚಿತ್ರ ಹೇಗಿತ್ತೋ ಹಾಗೆ. ಮೂವತ್ತು, ಮತ್ತೆ ಮೂವತ್ತು. ಗಿರಿ ಸಾರ್ ಮಂಡಿಯೂರಿ ಅಳುತ್ತಾ ಎಣಿಸುತ್ತಿದ್ದರು. ಎಷ್ಟನೆಯದೋ ಸಲ ಲಕ್ಷ್ಮಿದೇವಮ್ಮ ಕೆಮ್ಮಿದರು.

ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ಕೆಂಗೇರಿ ಕಡೆ ಒಂದು ಆಸ್ಪತ್ರೆಗೆ. ಹದಿನಾಲ್ಕು ಜನ ಉಳಿದ ಸೀಟಿನಲ್ಲಿ, ನೆಲದಲ್ಲಿ ಕೂತರು. ಒಬ್ಬರೂ ಗೊಣಗಲಿಲ್ಲ. ಆಂಟಿ ಒಬ್ಬರು ದಾರಿಯುದ್ದಕ್ಕೂ ಅವರ ಪಾದ ತಿಕ್ಕಿದರು. ಜಾಗ ಇತ್ತು. ಮೊದಲೇ ಇತ್ತು.

ಮೇ 9, ಶುಕ್ರವಾರ

ಉಳಿದಿದ್ದಾರೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಸ್ವಲ್ಪ.

ಗಿರಿ ಸಾರ್ ದಿನಾ ಆಸ್ಪತ್ರೆಗೆ ಹೋಗುತ್ತಾರೆ, ಇಡ್ಲಿ ಕಟ್ಟಿಸಿಕೊಂಡು. ಇವತ್ತು ಪ್ರೆಸ್ಸಿಗೆ ಬಂದರು. ಒಂದು ಹಾಳೆ ತಂದಿದ್ದರು. ಘಟನೆಯ ವರದಿ, ಪೊಲೀಸರಿಗೂ ಇನ್ಶೂರೆನ್ಸಿಗೂ. ಸೇಫ್ಟಿಯವರ ಸಹಿ ಬೇಕು.

"ಗುಡುಗು ಕೇಳಿದ ತಕ್ಷಣ ಎಚ್ಚರಿಕೆ ನೀಡಲಾಯಿತು. ತಂಡದ ಹದಿನಾಲ್ಕೂ ಜನರನ್ನು ಸುರಕ್ಷಿತವಾಗಿ ವಾಹನಕ್ಕೆ ಸೇರಿಸಲಾಯಿತು. ಗಾಯಗೊಂಡ ಮಹಿಳೆ ಪ್ರವಾಸಕ್ಕೆ ಸಂಬಂಧಿಸಿದವರಲ್ಲ. ಸಿಬ್ಬಂದಿ ಪ್ರಥಮ ಚಿಕಿತ್ಸೆ ನೀಡಿ ಜೀವ ಉಳಿಸಿದರು."

"ಒಂದಾದ್ರೂ ಸುಳ್ಳು ಇದೆಯಾ ಹೇಳು" ಅಂದರು.

ಇಲ್ಲ. ಒಂದೂ ಇಲ್ಲ.

"ನಾನು ಅವರಿಗೆ ಇಪ್ಪತ್ತು ನಿಮಿಷ ಅಂದಿದ್ದೆ ಸಾರ್."

"ಮಳೆಗೆ ತಾನೇ? ಮಳೆ ಆಮೇಲೇ ಬಂತಲ್ಲ."

"ಮುನಿರಾಜು ಅಣ್ಣ ಕರೀಲಾ ಅಂದ್ರು. ನಾನು ಬೇಡ ಅಂದೆ."

ಅವರು ಮುಖ ಉಜ್ಜಿಕೊಂಡರು. ಐದು ದಿನದಿಂದ ನಿದ್ದೆ ಇಲ್ಲ, ನೋಡಿದರೆ ಗೊತ್ತಾಗುತ್ತದೆ. "ಸೌಮ್ಯ, ನಿನ್ನಿಂದ ಅವರು ಬದುಕಿದ್ದಾರೆ ಕಣಮ್ಮ. ಅದನ್ನ ಬರಿ. ಯಾಕೆ ಇಲ್ಲದ್ದನ್ನ ತಲೆ ಮೇಲೆ ಹಾಕ್ಕೊಳ್ತೀಯಾ?"

ಯಾರೋ ತೆಗೆದ ವಿಡಿಯೊ ಓಡುತ್ತಿದೆ. ನಾನು ಎದೆ ಒತ್ತುವುದು. ಕೆಳಗೆ ಹಾರ್ಟ್ ಹಾಕಿದ್ದಾರೆ ಸಾವಿರಾರು ಜನ. ಮುಂದಿನ ಭಾನುವಾರಕ್ಕೆ ಸೀಟು ಇದೆಯಾ ಅಂತ ಕೇಳುವವರು ಬೇರೆ. ಗಿರಿ ಸಾರ್ ಯಾರಿಗೂ ಉತ್ತರ ಕೊಟ್ಟಿಲ್ಲ.

ಸಹಿ ಹಾಕಿಲ್ಲ. ಸೋಮವಾರದವರೆಗೆ ಟೈಮ್ ಕೇಳಿದ್ದೇನೆ.

ಮೇ 11, ಭಾನುವಾರ

ಆಸ್ಪತ್ರೆ. ಜನರಲ್ ವಾರ್ಡ್, ಕಿಟಕಿ ಪಕ್ಕ.

ಅವರ ಬಲಗಡೆ ಕೂರಬೇಕು, ಜೋರಾಗಿ ಮಾತಾಡಬೇಕು. ಅಂಗೈ ಬಿಚ್ಚಿ ತೋರಿಸಿದರು. ಸರಪಳಿಯ ಕೊಂಡಿಗಳು ಒಂದೊಂದೂ ಅಚ್ಚಾಗಿವೆ. ಪ್ರೆಸ್ಸಿನಲ್ಲಿ ಅಚ್ಚು ನೋಡಿ ನೋಡಿ ಅಭ್ಯಾಸ ನನಗೆ. ನೋಡಲಾಗಲಿಲ್ಲ.

"ಕೆಂಪಿ ಹೋಯ್ತಂತೆ" ಅಂದರು. ಹಸುವಿನ ಹೆಸರು. "ಗಬ್ಬ ಆಗಿತ್ತು."

ನಾಳೆ ಬಿಡುತ್ತಾರೆ. ಊರಿಗೆ ಹೋಗಲು ಇಷ್ಟವಿಲ್ಲ. ಮಗಳು ಕೀರ್ತನಾ ಹೇಳಿದಳು, ನನ್ನ ವಯಸ್ಸಿನವಳು — "ಊರಲ್ಲಿ ಬಾಯಿಗೆ ಬಂದಂಗೆ ಮಾತಾಡ್ತಾವ್ರೆ ಅಕ್ಕ. ಸಿಡ್ಲು ಸುಮ್ನೆ ಹೊಡೆಯಲ್ಲ, ಏನ್ ಪಾಪ ಮಾಡಿದ್ಲೋ ಅಂತ. ಗಬ್ಬದ ಹಸ ಬೇರೆ ಸತ್ತೈತಲ್ಲ. ನಮ್ ದೊಡ್ಡಮ್ಮಾನೇ ಅಂದ್ರು, ಶಾಂತಿ ಮಾಡ್ಸೋವರ್ಗೂ ಡೇರಿಗೆ ನಿಮ್ ಹಾಲ್ ತರ್ಬೇಡಿ ಅಂತ."

ನನಗೆ ಉರಿಯಿತು. ಸಿಡಿಲು ಪಾಪ ಹುಡುಕಿಕೊಂಡು ಬರುವುದಿಲ್ಲ, ಅದು ಎತ್ತರ ಹುಡುಕುತ್ತದೆ, ಮೌಢ್ಯ, ಅಜ್ಞಾನ... ಶುರು ಮಾಡಿದೆ. ಲಕ್ಷ್ಮಿದೇವಮ್ಮ ನನ್ನ ತುಟಿಗಳನ್ನೇ ನೋಡುತ್ತಿದ್ದರು. ಎಷ್ಟು ಕೇಳಿಸಿತೋ. ನಡುವೆ ಅಂದರು —

"ಇನ್ನೇನಿಲ್ಲ ಮಗಾ. ನಾನೇ ದಡ್ಡಿ. ಯಾವತ್ತೂ ಮೋಡ ಕಂಡ್ರೆ ಹಸ ಹೊಡ್ಕೊಂಡು ಹೋಗೋಳು. ಅವತ್ತು ನೀವೆಲ್ಲ ಅಷ್ಟ್ ಜನ ಆರಾಮಾಗಿ ನಿಂತಿದ್ರಲ್ಲ, ಓದಿದೋರು, ಕಾಫಿ ಕುಡ್ಕೊಂಡು. ಏನಾಗಲ್ಲ ಅನ್ನುಸ್ತು."

ಎದ್ದು ಬಂದೆ. ಅವರು ಇಪ್ಪತ್ತು ನಿಮಿಷದ ಮಾತು ಎತ್ತಲೇ ಇಲ್ಲ. ಮರೆತಿದ್ದಾರೋ, ನನಗೆ ನೋವಾಗಬಾರದೆಂದು ಬಿಟ್ಟರೋ.

ನಾಯಂಡಹಳ್ಳಿ ಮೆಟ್ರೋ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮೌಢ್ಯದ ವಿರುದ್ಧ ಭಾಷಣ ಸುಲಭ. ಊರಿನವರು ಕಾರಣ ಕೇಳುತ್ತಿದ್ದಾರೆ — ಅವಳಿಗೇ ಯಾಕೆ? ಕಾರಣ ನನ್ನ ಹತ್ತಿರ ಇದೆ. ನಾನು ಅದನ್ನು ಬಚ್ಚಿಟ್ಟುಕೊಂಡಿರುವವರೆಗೂ ಅವರು ಪಾಪ ಅನ್ನುತ್ತಲೇ ಇರುತ್ತಾರೆ.

ಮೇ 12, ಸೋಮವಾರ

ವರದಿಗೆ ಸಹಿ ಹಾಕಿದೆ. ಕೆಳಗೆ ಎರಡು ಸಾಲು ಕೈಯಲ್ಲಿ ಬರೆದು ಹಾಕಿದೆ. ಇಪ್ಪತ್ತು ನಿಮಿಷದ್ದು ಒಂದು, ಬಾಗಿಲಿನದು ಒಂದು.

ಗಿರಿ ಸಾರ್ ಓದಿ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. "ಮುಗೀತು ಬಿಡು. ನಾಲ್ಕು ವರ್ಷದ ಕನಸು." ಆಮೇಲೆ — "ನೀನು ಒಳ್ಳೇವಳಾಗೋಕೆ ನನ್ನ ಬಲಿ ಕೊಡ್ತೀಯಾ?"

ಅವರ ಮಾತಿನಲ್ಲಿ ಸ್ವಲ್ಪ ನಿಜ ಇರಬಹುದು. ಆರನೇ ನಿಯಮ ಅವರು ಕೇಳಿದ್ದು, ಆದರೆ ಬರೆದಿದ್ದು ನಾನು ಅಂತ ಮಾತ್ರ ಹೇಳಿದೆ. ಹಾಳೆ ತೆಗೆದುಕೊಂಡು ಹೋದರು. ಹರಿಯಲಿಲ್ಲ.

ಮೇ 17, ಶನಿವಾರ

ಕರಪತ್ರ ಬರೆದೆ. ಇನ್ನೂರು ಪ್ರತಿ, ಕಲ್ಲುಗುಂಟೆಪಾಳ್ಯಕ್ಕೆ. ಮೂರು ಪುಟ ಆಯಿತು. ಅಂಜಿನಯ್ಯನವರು ಕೆಂಪು ಪೆನ್ನು ಹಿಡಿದು ಕೂತರು. "ಘೋರ" ಹೋಯಿತು. "ಅಕ್ಷಮ್ಯ" ಹೋಯಿತು. "ನಗರದ ಅಹಂಕಾರ" ಪೂರ್ತಿ ಪ್ಯಾರಾ ಹೋಯಿತು.

"ಅದು ಮುಖ್ಯವಾದ್ದು ಸಾರ್."

"ತಪ್ಪೊಪ್ಪಿಗೆ ಬರೀತಿದ್ದೀಯೋ, ನಾಟಕವೋ? ಏನಂದೆ, ಏನ್ ಮಾಡಲಿಲ್ಲ — ಎರಡೇ ಹೇಳು. ಉಳಿದಿದ್ದು ಅವರು ಹೇಳ್ಕೊಳ್ತಾರೆ."

ಅರ್ಧ ಪುಟ ಉಳಿಯಿತು. ಅಂಜಿನಯ್ಯನವರೇ ಮೆಷಿನ್ ಹತ್ತಿರ ನಿಂತರು. ಹಿಂದಿನ ಮುಖಕ್ಕೆ ಸಿಡಿಲಿನ ನಿಯಮಗಳು, ಈ ಸಲ ಹೊಲದಲ್ಲಿರುವವರಿಗೆ. ಹಸು ಕಟ್ಟುವುದು ಎಲ್ಲಿ, ಸರಪಳಿಯನ್ನು ಬಿಚ್ಚುವುದು ಯಾವಾಗ, ಬಿಟ್ಟು ಬರುವುದು ಯಾವಾಗ.

ಅಮ್ಮ ಓದಿದಳು. "ಹೊಡದ್ರ?" ಅಂದಳು.

"ಹೊಡೆದ್ರೆ ಹೊಡೆಸ್ಕೊಳ್ತೀನಿ."

ಹೊಸ ಬ್ಯಾಟರಿ ಹಾಕಿದ ಟಾರ್ಚು, ಎರಡು ರೊಟ್ಟಿ ಚೀಲದಲ್ಲಿಟ್ಟಳು. ಹಗಲು ಹೊತ್ತಿನಲ್ಲಿ ಹೋಗುವುದಕ್ಕೆ ಟಾರ್ಚು ಯಾಕೆ ಅಂತ ಕೇಳಲಿಲ್ಲ.

ಮೇ 18, ಭಾನುವಾರ, ಸಂಜೆ 5.40, ಕಲ್ಲುಗುಂಟೆಪಾಳ್ಯ ಹಾಲಿನ ಡೇರಿ

ಬಸ್ಸಿಗೆ ಅಂತ ಮನೆಯಿಂದ ಬೇಗ ಹೊರಟಿದ್ದೆ. ನಾಯಂಡಹಳ್ಳಿಯಲ್ಲಿ ಟೆಂಪೋ ನಿಂತಿತ್ತು. ಮುನಿರಾಜು ಅಣ್ಣ, "ಹತ್ತಿ ಎಣಿಕೆ ಮೇಡಂ. ಗಿರಿ ಸಾರ್ ಕಳ್ಸಿದ್ರು, ಅಂಜಿನಯ್ಯನೋರು ಹೇಳಿದ್ರಂತೆ. ಬಯ್ತಾ ಬಯ್ತಾನೇ ಕಳ್ಸಿದ್ರು" ಅಂದರು. ಈ ಸೀಸನ್ ಪೂರ್ತಿ ಕ್ಯಾನ್ಸಲ್ ಮಾಡಿದ್ದಾರಂತೆ. ಡ್ಯಾಶ್‌ಬೋರ್ಡಿನ ಮೇಲೆ ನಿಯಮಗಳ ಹಾಳೆ ಹಾಗೇ ಇದೆ. ಆರನೆಯದರ ಮೇಲೆ ಬಾಲ್‌ಪೆನ್ನಿನ ಗೀರು. ಯಾರು ಎಳೆದಿದ್ದೋ ಕೇಳಲಿಲ್ಲ.

ಐದು ಗಂಟೆಗೆ ಊರೆಲ್ಲ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲುತ್ತದೆ. ಹಾಲು ಅಳೆಯುವವರೆಗೆ ಯಾರೂ ಎಲ್ಲೂ ಹೋಗುವುದಿಲ್ಲ. ಅದಕ್ಕೇ ಆ ಹೊತ್ತು ಆರಿಸಿಕೊಂಡೆ. ಲಕ್ಷ್ಮಿದೇವಮ್ಮ ಸಾಲಿನಲ್ಲಿರಲಿಲ್ಲ. ದೂರದ ಕಟ್ಟೆಯ ಮೇಲೆ ಖಾಲಿ ಕೈಯಲ್ಲಿ ಕೂತಿದ್ದರು, ಕೀರ್ತನಾ ಕರೆದುಕೊಂಡು ಬಂದಿದ್ದಳು.

ಹಂಚಲಿಲ್ಲ, ಮೊದಲು ಓದಿದೆ. "ಅವರು ಹಸು ಹೊಡೆದುಕೊಂಡು ಹೋಗುವವರಿದ್ದರು. ನನ್ನನ್ನು ಕೇಳಿದರು. ಇಪ್ಪತ್ತು ನಿಮಿಷ ಇದೆ ಅಂದೆ. ಸಿಡಿಲು ಮಳೆಗಿಂತ ಮುಂಚೆ ಬರುತ್ತದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ನಮ್ಮ ಗಾಡಿಯಲ್ಲಿ ಅವರಿಗೆ ಜಾಗ ಇತ್ತು. ಕರೆಯಲಿಲ್ಲ."

ಯಾರೂ ಹೊಡೆಯಲಿಲ್ಲ. ಒಬ್ಬ ಮುದುಕರು ಮುಂದೆ ಬಂದರು.

"ಅಂದ್ರೆ ಪಾಪ ನಿಂದು ಅಂತೀಯೇನಮ್ಮ?"

"ತಪ್ಪು ನಂದು ತಾತ. ಪಾಪ ಯಾರದೂ ಅಲ್ಲ."

"ಇಷ್ಟ್ ಹೇಳಾಕೆ ಬೆಂಗ್ಳೂರಿಂದ ಬಂದ್ಯಾ?"

"ಹೂಂ."

"ಹೋದ್ಸಲ ಮೋಡ ನೋಡಾಕೆ, ಈ ಸಲ ಬೈಸ್ಕೊಳ್ಳಾಕೆ." ಯಾರೋ ಹಿಂದೆ ನಕ್ಕರು. ಒಬ್ಬ ಹೆಂಗಸು ನಗಲಿಲ್ಲ — "ನಿನ್ ಮಾತ್ ಕೇಳಿ ನಮ್ ಹಸ ಹೋಯ್ತಲ್ಲೇ, ಗಬ್ಬದ್ದು." ಕೀರ್ತನಾಳ ದೊಡ್ಡಮ್ಮ ಅಂತೆ. ತಲೆ ತಗ್ಗಿಸಿದೆ. ಇದಕ್ಕೆ ಯಾವ ಕರಪತ್ರದಲ್ಲೂ ಉತ್ತರ ಇಲ್ಲ. ಆಕೆ ಇನ್ನೂ ಬೈದು, ಸುಸ್ತಾಗಿ, ಕಟ್ಟೆಯ ಕಡೆ ನೋಡಿ, ಕೀರ್ತನಾಳಿಗೆ, "ನಿಂತ್ಕೊಂಡು ಏನ್ ನೋಡ್ತೀಯಾ, ಮನೇಲಿ ಸಣ್ಣ ಹಸದ ಹಾಲೈತಲ್ಲ, ತಗೊಂಡ್ ಬಾ ಹೋಗು, ಅಳೆಸು" ಅಂದರು.

ಕೀರ್ತನಾ ಓಡಿದಳು. ಕ್ಯಾನಿನ ಜೊತೆ ಬಂದಳು. ಅಳೆದರು. ಬೇರೆಯವರ ಹಾಲಿನ ಜೊತೆಗೇ ಸುರಿದರು. ಅಷ್ಟೇ ಆಗಿದ್ದು.

ಲಕ್ಷ್ಮಿದೇವಮ್ಮನ ಹತ್ತಿರ ಹೋಗಿ ಬಲಗಡೆ ಕೂತೆ. ಎಲ್ಲ ಕೇಳಿಸಿತಾ ಅಂದೆ. ಅರ್ಧ ಅಂದರು. ಹಾಳೆ ಕೊಟ್ಟೆ. ನಿಧಾನಕ್ಕೆ ಓದಿದರು, ಬೆರಳಿಟ್ಟು, ಆ ಅಂಗೈಯಲ್ಲೇ.

"ನಿಂಗೇನ್ ಗೊತ್ತಿತ್ತು ಬಿಡು ಮಗಾ."

"ಗೊತ್ತಿತ್ತು ಅಮ್ಮ. ಅದೇ ತಪ್ಪು."

ಕ್ಷಮಿಸಿದರು ಅಂತ ಬರೆಯಲಾರೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ — ನನಗಿಂತ ನೀಟಾಗಿ — ರವಿಕೆಯೊಳಗೆ ಇಟ್ಟುಕೊಂಡರು. "ಹೋಗ್ಬೇಡ, ಕಾಫಿ ಕುಡ್ದು ಹೋಗು. ಅವತ್ತು ನಿಮ್ದು ಕುಡ್ದಿದೀನಿ."

ಕೀರ್ತನಾ ಕಾಫಿ ಮಾಡಲು ಹೋಗಿದ್ದಾಳೆ. ನಾನು ಡೇರಿಯ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಗಟ್ಟಿ ಕಟ್ಟಡ, ಆರ್‌ಸಿಸಿ, ನೋಡಿದೆ. ಒಳಗೆ ಮೂವತ್ತು ಜನ ನಿಲ್ಲಬಹುದು. ಟೆಂಪೋದಲ್ಲಿ ಇಪ್ಪತ್ತು, ಒತ್ತಿಕೊಂಡರೆ. ಪಶ್ಚಿಮಕ್ಕೆ ಮೋಡ ಎದ್ದಿದೆ, ತಳ ಕಪ್ಪು. ಚೆನ್ನಾಗಿದೆ. ಈಗಲೂ ಚೆನ್ನಾಗಿಯೇ ಕಾಣುತ್ತದೆ, ಏನು ಮಾಡಲಿ. ಮುನಿರಾಜು ಅಣ್ಣ ಕಿಟಕಿಯಿಂದ ಕೈ ಚಾಚಿ ನೋಡಿ, "ಇವತ್ ಬರ್ತದೆ" ಅಂದರು. ಸಾಲಿನಲ್ಲಿ ಇನ್ನೂ ಹನ್ನೊಂದು ಜನ. ಕೆರೆ ಏರಿ ಮೇಲೆ ಕುರಿಯವರು ಇಬ್ಬರು. ಬಾವಿ ಹತ್ತಿರ ಒಬ್ಬರು. ವಿಷಲ್ ಕೊರಳಲ್ಲೇ ಇದೆ.

ಗುಡುಗು. ಮೊದಲನೆಯದು.

ಲಕ್ಷ್ಮಿದೇವಮ್ಮ ಕಟ್ಟೆ ಮೇಲೆ ಹಾಗೇ ಕೂತಿದ್ದಾರೆ, ಎಡಗಿವಿ ಈ ಕಡೆಗೆ. ಕೇಳಿಸಿಲ್ಲ. ವಿಷಲ್ಲೂ ಕೇಳಿಸುವುದಿಲ್ಲ. ಹೋಗಿ ಕೈ ಹಿಡಿದು ಒಳಗೆ—